ಹದಿಹರೆಯದವರ ಬೇಸಿಗೆ ಓದಿಗೆ ಯಾವ ಥೀಮ್, ಎಂಥ ಚಿತ್ರ?

ನಗುವ ಸೂರ್ಯ, ಕನ್ನಡಕ ಹಾಕಿಕೊಂಡ ಗೂಬೆ, ಸೊಂಡಿಲಲ್ಲಿ ಪುಸ್ತಕ ಹಿಡಿದ ಆನೆಮರಿ. ನಾಲ್ಕನೇ ಕ್ಲಾಸಿನ ಮಗು ಈ ಪೋಸ್ಟರ್ ಮುಂದೆ ನಿಲ್ಲುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗ ಅದನ್ನು ನೋಡಿ ‘ಇದು ತಂಗಿಗೆ’ ಅಂದುಕೊಂಡು ಪೇಪರ್ ಓದುವ ಬೆಂಚಿನ ಕಡೆಗೋ, ಬಾಗಿಲ ಕಡೆಗೋ ಹೋಗುತ್ತಾನೆ. ಬೇಸಿಗೆ ಓದಿನ ಕಾರ್ಯಕ್ರಮಕ್ಕೆ ಚಿಕ್ಕ ಮಕ್ಕಳು ತುಂಬಿ, 13ರಿಂದ 18ರವರು ಬಾರದೇ ಇರುವುದಕ್ಕೆ ಪುಸ್ತಕಕ್ಕಿಂತ ಮೊದಲು ಈ ಪೋಸ್ಟರೇ ಕಾರಣವಾಗಿರುತ್ತದೆ.

ಇಲ್ಲಿರುವುದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ನಗರದ ಶಾಖಾ ಗ್ರಂಥಾಲಯ, ಶಾಲೆ ಅಥವಾ ಅಪಾರ್ಟ್‌ಮೆಂಟ್ ಲೈಬ್ರರಿ ನಡೆಸುವವರಿಗೆ ಬೇಕಾದ ಹೋಲಿಕೆ: ಯಾವ ಥೀಮ್ ಯಾರಿಗೆ ಹೊಂದುತ್ತದೆ, ಯಾವ ಬಗೆಯ ಚಿತ್ರ ಎಲ್ಲಿ ಕೈಕೊಡುತ್ತದೆ. ಕೈಯಲ್ಲಿರುವುದು ಕಡಿಮೆ ದುಡ್ಡು, ಹತ್ತಿರವಿರುವುದು ಒಂದು ಜೆರಾಕ್ಸ್ ಅಂಗಡಿ ಅಂತಲೇ ಇಟ್ಟುಕೊಂಡಿದ್ದೇವೆ.

ಮೊದಲು ದಿನಾಂಕ

ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಲೆಕ್ಕಕ್ಕೆ ಏಳು ವಾರ, ಆದರೆ ಊರ ಜಾತ್ರೆ, ಮದುವೆ, ಅಜ್ಜಿಮನೆ ಕಳೆದರೆ ಒಬ್ಬ ಹುಡುಗಿ ನಿಮ್ಮ ಕೈಗೆ ಸಿಗುವುದು ನಾಲ್ಕು ವಾರ. ಪಿಯುಸಿ ಮುಗಿಸಿದವರಿಗೆ ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ಭಾಗದಲ್ಲಿ ನೀಟ್. ಹಾಗಾಗಿ 17–18ರವರು ಮೊದಲ ಕೆಲವು ವಾರ ಬರುವುದಿಲ್ಲ. ಥೀಮ್ ಕಥೆಯಂತೆ ವಾರದಿಂದ ವಾರಕ್ಕೆ ಬೆಳೆಯುವಂಥದ್ದಾದರೆ ಇವರು ನಡುವೆ ಬಂದು ಸೇರಲಾರರು. ಯಾವ ವಾರ ಬಂದರೂ ಅಲ್ಲಿಂದಲೇ ಶುರುಮಾಡಬಹುದಾದ ಥೀಮ್ ಬೇಕು. ಈ ಒಂದು ಷರತ್ತಿಗೇ ಅರ್ಧದಷ್ಟು ಐಡಿಯಾಗಳು ಉದುರುತ್ತವೆ.

ಮುದ್ರಣದ ಕೆಲಸ ಮಾರ್ಚ್ ಕೊನೆಗೆ ಬಿಟ್ಟರೆ ಆರ್ಥಿಕ ವರ್ಷದ ಬಿಲ್ಲುಗಳ ಗಡಿಬಿಡಿಯಲ್ಲಿ ಸಿಕ್ಕಿಬೀಳುತ್ತೀರಿ. ಥೀಮ್ ಡಿಸೆಂಬರ್‌ನಲ್ಲಿ, ಚಿತ್ರ ಜನವರಿಯಲ್ಲಿ, ಪ್ರೂಫ್ ಫೆಬ್ರವರಿ ನಡುವಿನೊಳಗೆ. ಎಸ್ಸೆಸ್ಸೆಲ್ಸಿ ಮಕ್ಕಳ ಅಭಿಪ್ರಾಯ ಬೇಕಿದ್ದರೂ ಜನವರಿಯೇ ಕೊನೆ. ಆಮೇಲೆ ಅವರು ಪರೀಕ್ಷೆ ಬಿಟ್ಟು ಬೇರೆ ಮಾತಾಡುವುದಿಲ್ಲ.

ಹೊರಗಿನ ಸಿದ್ಧ ಥೀಮ್

ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಹೆಚ್ಚಾಗಿ ಎರಡು ಕಡೆಯಿಂದ ಥೀಮ್ ತರಿಸಿಕೊಳ್ಳುತ್ತವೆ. ಒಂದು, 1987ರಲ್ಲಿ ಮಿನ್ನೆಸೋಟದಲ್ಲಿ ಶುರುವಾಗಿ ಈಗ ಹಲವು ರಾಜ್ಯಗಳು ಸೇರಿಕೊಂಡಿರುವ ಕೊಲ್ಯಾಬರೇಟಿವ್ ಸಮ್ಮರ್ ಲೈಬ್ರರಿ ಪ್ರೋಗ್ರಾಂ. ಇನ್ನೊಂದು, ಇಲಿನಾಯ್ ಲೈಬ್ರರಿ ಅಸೋಸಿಯೇಷನ್ ನಡೆಸುವ ಐರೀಡ್. ಇಬ್ಬರೂ ವರ್ಷಕ್ಕೊಂದು ಘೋಷವಾಕ್ಯ, ಅದಕ್ಕೆ ಹೊಂದುವ ಪೋಸ್ಟರ್, ಓದಿನ ಕಾರ್ಡ್, ಚಟುವಟಿಕೆ ಕೈಪಿಡಿ ಕೊಡುತ್ತಾರೆ. 2025ರಲ್ಲಿ ಮೊದಲನೆಯವರದು ‘ಕಲರ್ ಅವರ್ ವರ್ಲ್ಡ್’, ಐರೀಡ್‌ನದು ‘ಲೆವೆಲ್ ಅಪ್ ಅಟ್ ಯುವರ್ ಲೈಬ್ರರಿ’.

ಹರೆಯದವರ ಮಟ್ಟಿಗೆ ಎರಡನೆಯದೇ ಗಟ್ಟಿ. ‘ಲೆವೆಲ್ ಅಪ್’ ಅಂದಕೂಡಲೇ ಆಟದ ರಚನೆ ತಾನಾಗಿ ಸಿಗುತ್ತದೆ: ಹಂತ, ಕೀಲಿ, ನಕಾಶೆ. ಬಣ್ಣದ ಥೀಮ್ ಎಲ್ಲ ವಯಸ್ಸಿಗೂ ಹಿಗ್ಗುತ್ತದೆ ನಿಜ, ಆದರೆ ಅದನ್ನು ಕನ್ನಡದಲ್ಲಿ ಗೋಡೆಗೆ ಹಾಕಿದರೆ ಗಣರಾಜ್ಯೋತ್ಸವದ ಚಿತ್ರಕಲಾ ಸ್ಪರ್ಧೆಯ ನೋಟಿಸಿನಂತೆ ಕಾಣುತ್ತದೆ.

ಇವರ ಹಳೆಯ ಪಟ್ಟಿಯಲ್ಲೊಂದು ಪಾಠವಿದೆ. 2012ರಲ್ಲಿ ಮೊದಲ ಸಂಸ್ಥೆ ಮಕ್ಕಳಿಗೆ ‘ಡ್ರೀಮ್ ಬಿಗ್, ರೀಡ್’ ಕೊಟ್ಟರೆ ಹದಿಹರೆಯದವರಿಗೆ ‘ಓನ್ ದ ನೈಟ್’ ಕೊಟ್ಟಿತು. 2014ರಲ್ಲಿ ಮಕ್ಕಳಿಗೆ ‘ಫಿಜ್, ಬೂಮ್, ರೀಡ್’, ಹದಿಹರೆಯದವರಿಗೆ ‘ಸ್ಪಾರ್ಕ್ ಎ ರಿಯಾಕ್ಷನ್’. ಒಂದೇ ವಿಷಯ, ಎರಡು ದನಿ. 2017ರ ‘ಬಿಲ್ಡ್ ಎ ಬೆಟರ್ ವರ್ಲ್ಡ್’ ಎಲ್ಲ ವಯಸ್ಸಿನವರಿಗೂ ಒಂದೇ ಆಗಿ ಬಂತು. ಖರ್ಚಿಗೆ ಒಂದೇ ಘೋಷವಾಕ್ಯ ಅನುಕೂಲ. ಆದರೂ ಚಿಕ್ಕವರಿಗೂ ಅದೇ ಕಟ್ಟಡದಲ್ಲಿ ಕಾರ್ಯಕ್ರಮ ನಡೆಸುವವರಿಗೆ ನಮ್ಮ ಸಲಹೆ 2012ರ ದಾರಿಯೇ: ವಿಷಯ ಒಂದೇ ಇರಲಿ, ಹರೆಯದವರಿಗೆ ಬೇರೆ ಘೋಷವಾಕ್ಯ, ಬೇರೆ ಚಿತ್ರ, ಸಾಧ್ಯವಾದರೆ ಬೇರೆ ಗೋಡೆ.

ಈ ಸಂಸ್ಥೆಗಳ ಚಿತ್ರಗಳನ್ನು ಇಳಿಸಿಕೊಂಡು ಇಲ್ಲಿ ಅಚ್ಚುಹಾಕುವಂತಿಲ್ಲ. ಅವು ಸದಸ್ಯ ಗ್ರಂಥಾಲಯಗಳಿಗೆ, ಕೊಂಡವರಿಗೆ, ನಿಯಮಕ್ಕೆ ಒಳಪಟ್ಟು ಸಿಗುವಂಥವು. ‘ಆಟದ ಹಂತಗಳಂತೆ ಓದು’ ಅನ್ನುವ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ತೆಗೆದುಕೊಂಡು ನಿಮ್ಮ ಚಿತ್ರ ಬರೆಸಿಕೊಳ್ಳಬಹುದು. ಅಮೆರಿಕದಲ್ಲಿ ಕನ್ನಡ ಶಾಲೆ ನಡೆಸುವವರಿಗೆ ಮಾತ್ರ ಲೆಕ್ಕ ಬೇರೆ. ಅವರ ಊರಿನ ಗ್ರಂಥಾಲಯ ಆ ವರ್ಷ ಯಾವ ಥೀಮ್ ಹಿಡಿದಿದೆಯೋ ಅದಕ್ಕೇ ಕನ್ನಡ ಪುಸ್ತಕಗಳನ್ನು ಜೋಡಿಸಿದರೆ ಮಕ್ಕಳಿಗೆ ಎರಡು ಓದಿನ ಕಾರ್ಡ್ ತುಂಬುವ ಕಷ್ಟ ತಪ್ಪುತ್ತದೆ. ಬ್ರಿಟನ್ನಿನ ಸಮ್ಮರ್ ರೀಡಿಂಗ್ ಚಾಲೆಂಜ್ 4ರಿಂದ 11 ವರ್ಷದವರದು, ಈ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿಯ ಥೀಮ್‌ಗಳು: ಕಪಾಟಿನಿಂದ ಶುರುಮಾಡಿ

ಥೀಮ್ ಆರಿಸುವಾಗ ಆಗುವ ದೊಡ್ಡ ತಪ್ಪು, ಅದನ್ನು ಖಾಲಿ ಹಾಳೆಯ ಮೇಲೆ ಯೋಚಿಸುವುದು. ಕಪಾಟಿನ ಮುಂದೆ ನಿಂತು ಯೋಚಿಸಬೇಕು. 30 ಜನ ಸೇರುತ್ತಾರೆಂದರೆ ಥೀಮ್‌ಗೆ ಹೊಂದುವ ಕನಿಷ್ಠ 60 ಪುಸ್ತಕ ನಿಮ್ಮಲ್ಲಿ ಇರಬೇಕು, ಇಲ್ಲವೇ ಪಕ್ಕದ ಶಾಖೆಯಿಂದ ತರಿಸಿಕೊಳ್ಳಲು ಆಗಬೇಕು. ಅದರಲ್ಲಿ ಅರ್ಧ 150 ಪುಟದೊಳಗಿನವು. 400 ಪುಟದ ಕಾದಂಬರಿಗಳೇ ತುಂಬಿದ್ದರೆ ಒಂದೊಂದು ಪ್ರತಿ ಎರಡು ವಾರ ಹೊರಗೇ ಉಳಿದು ಎರಡನೇ ವಾರದ ಹೊತ್ತಿಗೆ ಕಪಾಟು ಬರಿದಾಗುತ್ತದೆ. ಎಣಿಸುವಾಗ ಪುಟ ತಿರುವಿ ನೋಡಿ. ರಟ್ಟು ಕಿತ್ತ, ಹಾಳೆ ಹಳದಿಯಾದ ಪುಸ್ತಕವನ್ನು ಮೇಷ್ಟ್ರು ಓದಿಯಾರು, 14ರ ಹುಡುಗಿ ಮುಟ್ಟುವುದಿಲ್ಲ.

ಈ ಅಳತೆಯಲ್ಲಿ ಕಾಡು–ಪರಿಸರ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಪೂರ್ಣಚಂದ್ರ ತೇಜಸ್ವಿ, ಬಿ.ಜಿ.ಎಲ್. ಸ್ವಾಮಿ, ಕೃಪಾಕರ–ಸೇನಾನಿ, ತೇಜಸ್ವಿಯವರೇ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಬೇಟೆ ಕಥೆಗಳು: ಸಾಧಾರಣ ಗ್ರಂಥಾಲಯದಲ್ಲೂ ಇವರಲ್ಲಿ ಕೆಲವರಾದರೂ ಇರುತ್ತಾರೆ, 13ರವರಿಗೂ 18ರವರಿಗೂ ಓದಲು ಇದೆ. ಅಪಾಯವೆಂದರೆ ಥೀಮ್ ಮೆಲ್ಲಗೆ ‘ಮರ ಬೆಳೆಸಿ, ನಾಡು ಉಳಿಸಿ’ ಕಡೆಗೆ ಜಾರುವುದು. ಜಾರಿದ ದಿನ ಅದು ಶಾಲೆಯ ಪ್ರಬಂಧವಾಯಿತು. ನರಭಕ್ಷಕ, ಹಾವು, ದಾರಿ ತಪ್ಪಿದ ರಾತ್ರಿ, ಇವು ಮುಂದಿರಲಿ. ‘ಇಲ್ಲಿ ನೆಟ್‌ವರ್ಕ್ ಇಲ್ಲ’ ಅನ್ನುವ ಘೋಷವಾಕ್ಯ ‘ಪರಿಸರ ಸಂರಕ್ಷಣೆಗಾಗಿ ಓದು’ ಅನ್ನುವುದಕ್ಕಿಂತ ಹತ್ತು ಪಾಲು ಕೆಲಸ ಮಾಡುತ್ತದೆ.

ಪತ್ತೇದಾರಿ ಚಟುವಟಿಕೆಗೆ ಅತಿ ಸುಲಭ: ವಾರಕ್ಕೊಂದು ಸುಳಿವು, ಗ್ರಂಥಾಲಯದ ಪುಸ್ತಕಗಳಲ್ಲೇ ಬಚ್ಚಿಟ್ಟ ಚೀಟಿ, ಕೊನೆಗೆ ಅಪರಾಧಿಯ ಪತ್ತೆ. ಪ್ರತಿ ವಾರದ ಪ್ರಕರಣ ಆ ವಾರಕ್ಕೇ ಮುಗಿಯುವಂತೆ ಮಾಡಿದರೆ ತಡವಾಗಿ ಬಂದವರೂ ಸೇರಿಕೊಳ್ಳಬಹುದು. ಕಪಾಟಿನಲ್ಲಿ ಟಿ.ಕೆ. ರಾಮರಾವ್, ಎನ್. ನರಸಿಂಹಯ್ಯ ಹುಡುಕಿ, ಹೋಮ್ಸ್ ಕಥೆಗಳ ಅನುವಾದ ಸೇರಿಸಿ. ಹಳೆಯ ಪತ್ತೇದಾರಿ ಕಾದಂಬರಿಗಳ ರಕ್ಷಾಪುಟಗಳನ್ನು ಒಮ್ಮೆ ನೋಡಿಕೊಂಡೇ ಹೊರಗಿಡಿ. ಕೆಲವು ಆ ಕಾಲದ ಬಸ್‌ಸ್ಟ್ಯಾಂಡ್ ಗಿರಾಕಿಗಳಿಗೆಂದೇ ಬರೆಸಿದವು.

ಬಾಹ್ಯಾಕಾಶ ಎಲ್ಲರ ಬಾಯಿಗೂ ಮೊದಲು ಬರುವ ಥೀಮ್. ಚಂದ್ರಯಾನ–3 ಇಳಿದ 2023ರ ಆಗಸ್ಟ್ 23ರ ನಂತರವಂತೂ ಹೆಚ್ಚು. ಬೆಂಗಳೂರಿನ ಇಸ್ರೋ, ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ, ಬ್ಯಾಲಾಳುವಿನ ದೊಡ್ಡ ಆಂಟೆನಾಗಳು, ಎಲ್ಲವೂ ನಮ್ಮಲ್ಲೇ ಇವೆ. ಆದರೆ ಕಪಾಟು ಅಷ್ಟು ಜೊತೆ ಕೊಡುವುದಿಲ್ಲ. ಕನ್ನಡದಲ್ಲಿ ವಿಜ್ಞಾನ ಲೇಖನಗಳು ಸಾಕಷ್ಟಿವೆ, ರಾಜಶೇಖರ ಭೂಸನೂರಮಠರಂಥ ಕೆಲವರನ್ನು ಬಿಟ್ಟರೆ ಕಥೆ–ಕಾದಂಬರಿ ತೆಳು. ಇಂಗ್ಲಿಷ್ ಪುಸ್ತಕಗಳೂ ಇರುವ ನಗರದ ಶಾಖೆಗೆ ಇದು ಸರಿ, ಬರೀ ಕನ್ನಡದ ಚಿಕ್ಕ ಕೇಂದ್ರಕ್ಕೆ ಬೇಡ.

ನಮ್ಮೂರ ಕಥೆ ಕಾಗದದ ಮೇಲೆ ತುಂಬ ಚೆಂದ. ವೀರಗಲ್ಲು, ಶಾಸನ, ಹಳೇ ಸಂತೆ, ಕೆರೆ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು ಶಾಸನಗಳಿರುವುದರಿಂದ ನಿಮ್ಮೂರಿನದು ಸಿಗುವ ಸಾಧ್ಯತೆಯೂ ಇದೆ. ಕೈಕೊಡುವುದು ಎರಡು ಕಡೆ. ಮಕ್ಕಳು ಮೊಬೈಲ್ ಹಿಡಿದು ಹಿರಿಯರ ಸಂದರ್ಶನ ಮಾಡುತ್ತಾ ಹೋಗಿ ಓದುವುದನ್ನೇ ಬಿಡುತ್ತಾರೆ. ಎರಡನೆಯದು, ದೇವಸ್ಥಾನದ ಇತಿಹಾಸಕ್ಕೆ ಕೈಹಾಕಿದರೆ ಯಾರು ಕಟ್ಟಿಸಿದ್ದು, ಮೊದಲ ಪೂಜೆ ಯಾರದು ಎಂಬ ತಕರಾರು ಕಾರ್ಯಕ್ರಮದೊಳಗೇ ಬಂದು ಕೂರುತ್ತದೆ. ಈ ಥೀಮೇ ಬೇಕಿದ್ದರೆ ಕೆರೆ, ಸಂತೆ, ಬಸ್ಸು, ಸಿನಿಮಾ ಟೆಂಟು ಹಿಡಿಯಿರಿ. ಪ್ರತಿ ಚಟುವಟಿಕೆಗೂ ‘ಮೊದಲು ಒಂದು ಪುಸ್ತಕ ಓದಿ ತಂದವರಿಗೆ’ ಎಂದು ಷರತ್ತು ಹಾಕಿ.

ಆಟದ ಹಂತಗಳು ಯಾವ ಕಪಾಟಿಗೂ ಹೊಂದುತ್ತದೆ, ಏಕೆಂದರೆ ಅದು ವಿಷಯ ಕೇಳುವುದಿಲ್ಲ. ನಾಲ್ಕು ವಾರಕ್ಕೆ ನಾಲ್ಕೇ ಹಂತ ಸಾಕು. ಪುಟದ ಲೆಕ್ಕಕ್ಕೆ ಅಂಕ ಕೊಡಬೇಡಿ: ಸ್ಪರ್ಧೆ ಗೆಲ್ಲುವವರು ದಪ್ಪಕ್ಷರದ ಮಕ್ಕಳ ಪುಸ್ತಕ ರಾಶಿ ಹಾಕುತ್ತಾರೆ, ನಿಧಾನವಾಗಿ ಓದುವವರು ಮೊದಲ ವಾರಕ್ಕೇ ಕೈಬಿಡುತ್ತಾರೆ. 20 ನಿಮಿಷದ ಓದಿಗೆ ಒಂದು ಚೌಕ ತುಂಬುವ ಪದ್ಧತಿ ಇಬ್ಬರಿಗೂ ನ್ಯಾಯ. ಮಯೂರ, ಸುಧಾ, ಕಾಮಿಕ್ಸ್ ಎಲ್ಲವೂ ಲೆಕ್ಕಕ್ಕಿರಲಿ. ಎರಡನೇ ಹಂತಕ್ಕೆ ‘ಇದುವರೆಗೆ ಓದದ ಬಗೆಯ ಒಂದು ಪುಸ್ತಕ’ ಎಂದಿಟ್ಟರೆ ಓದು ಅಲ್ಲಿಂದ ಬೆಳೆಯುತ್ತದೆ.

ಒಂದೇ ಮಾತಲ್ಲಿ ಹೇಳಿ ಎಂದರೆ: ಪುಸ್ತಕ ಸಾವಿರದೊಳಗಿದ್ದರೆ ಆಟದ ಹಂತ ಅಥವಾ ಪತ್ತೇದಾರಿ, ಮಲೆನಾಡು–ಕರಾವಳಿಯಲ್ಲಿ ಕಾಡು, ದೊಡ್ಡ ನಗರ ಶಾಖೆಗೆ ಯಾವುದಾದರೂ ನಡೆದೀತು.

ಘೋಷವಾಕ್ಯ ಮೂರು ಪದ ಮೀರದಿರಲಿ, ಬುದ್ಧಿವಾದ ಬೇಡ. ‘ಜ್ಞಾನ’, ‘ಭವಿಷ್ಯ’, ‘ಬನ್ನಿ ಮಕ್ಕಳೇ’ ಮೂರೂ ಹೊರಗೆ. ಮಾತಿನ ಧಾಟಿ ಊರಿನದೇ ಇರಲಿ: ಮಂಡ್ಯದಲ್ಲಿ ‘ಸುಳಿವು ಸಿಕ್ತಾ?’ ಸರಿ, ಧಾರವಾಡದಲ್ಲಿ ‘ಸುಳಿವು ಸಿಕ್ತೇನು?’ ಎನ್ನಿ. ಬೆಂಗಳೂರಿನಲ್ಲಿ ಮಾಡಿದ ಪೋಸ್ಟರ್ ಎಂದು ಕಲಬುರಗಿಯ ಹುಡುಗರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಎರಡು ಥೀಮ್ ನಡುವೆ ತೀರ್ಮಾನವಾಗದಿದ್ದರೆ ಮಕ್ಕಳನ್ನು ಕೂಡಿಸಿ ಕೈ ಎತ್ತಿಸಬೇಡಿ. ಮೇಲ್ವಿಚಾರಕರ ಮುಖ ನೋಡಿಕೊಂಡೇ ಕೈ ಎತ್ತುತ್ತಾರೆ. ಎರಡರದ್ದೂ ಕಚ್ಚಾ ಬುಕ್‌ಮಾರ್ಕ್ 25–25 ಜೆರಾಕ್ಸ್ ಮಾಡಿಸಿ, ಏನೂ ಹೇಳದೆ ಮೇಜಿನ ಮೇಲಿಡಿ. ಒಂದು ವಾರ ಬಿಟ್ಟು ಉಳಿದದ್ದನ್ನು ಎಣಿಸಿ.

ಚಿತ್ರದ ಬಗೆಗಳು

ಚಿತ್ರ ಆರಿಸುವಾಗ ಮುದ್ರಣವನ್ನು ಹಿಂದಿನಿಂದ ನೋಡುತ್ತಾ ಬರಬೇಕು. ಪೋಸ್ಟರ್ ಬಣ್ಣದಲ್ಲಿ ಹತ್ತು ಪ್ರತಿ ಬರಬಹುದು. ಆದರೆ ಮಕ್ಕಳ ಕೈಯಲ್ಲಿ ನಾಲ್ಕು ವಾರ ಇರುವುದು ಕಪ್ಪು–ಬಿಳುಪು ಜೆರಾಕ್ಸಿನ ಓದಿನ ಕಾರ್ಡು, ಬುಕ್‌ಮಾರ್ಕು. ಲ್ಯಾಪ್‌ಟಾಪ್ ಪರದೆಯಲ್ಲಿ ಮಿಂಚುವ ನೇರಳೆ–ನೀಲಿ ಛಾಯೆಗಳ ಚಿತ್ರ ಜೆರಾಕ್ಸಿನಲ್ಲಿ ಬೂದು ಕಲೆಯಾಗುತ್ತದೆ. ಆದ್ದರಿಂದ ಯಾವ ಚಿತ್ರಕ್ಕೂ ಒಂದು ಪರೀಕ್ಷೆ: 5 ಸೆಂ.ಮೀ. ಅಗಲಕ್ಕೆ ಕುಗ್ಗಿಸಿ, ಊರಿನ ಅದೇ ಯಂತ್ರದಲ್ಲಿ ಕಪ್ಪು–ಬಿಳುಪು ತೆಗೆಸಿ, ಆ ಪ್ರತಿಯನ್ನೇ ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ. ಎರಡನೇ ಪ್ರತಿಯಲ್ಲೂ ಏನೆಂದು ತಿಳಿದರೆ ಆ ಚಿತ್ರ ಪಾಸು. ಅರ್ಧ ಪಾಯಿಂಟಿಗಿಂತ ತೆಳುವಾದ ಗೆರೆ ಮಾಯವಾಗುತ್ತದೆ, ಅಂಗೈಗಿಂತ ದೊಡ್ಡ ಗಟ್ಟಿ ಕಪ್ಪಿನಲ್ಲಿ ಬಿಳಿ ಪಟ್ಟೆ ಬೀಳುತ್ತದೆ.

ನಮ್ಮ ಜಾನಪದ ಕಲೆಗಳಲ್ಲಿ ಕೆಲವು ಈ ಪರೀಕ್ಷೆಗೆಂದೇ ಹುಟ್ಟಿದಂತಿವೆ. ಸಾಗರ ಸೀಮೆಯ ದೀವರ ಹಸೆ ಚಿತ್ತಾರ ಪೂರ್ತಿ ಗೆರೆಯದು. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಎಳೆಯುವಂಥದ್ದು. ಒಂದೇ ಬಣ್ಣದಲ್ಲಿ ನಿಲ್ಲುತ್ತದೆ. ಧಾರವಾಡ ಕಡೆಯ ಕಸೂತಿ ಎಳೆ ಎಣಿಸಿ ಹಾಕುವುದಾದ್ದರಿಂದ ಗ್ರಾಫ್ ಹಾಳೆಯ ಮೇಲೆ ನೇರವಾಗಿ ಇಳಿಯುತ್ತದೆ. ಗೋಪುರ, ತೇರು, ನವಿಲಿನ ವಿನ್ಯಾಸವನ್ನು ಮಕ್ಕಳೇ 5 ಮಿ.ಮೀ. ಚೌಕದ ಹಾಳೆಯಲ್ಲಿ ಬರೆದು ಬುಕ್‌ಮಾರ್ಕ್ ಮಾಡಿಕೊಳ್ಳಬಹುದು. ತೊಗಲು ಗೊಂಬೆಯ ನೆರಳು, ರಂಧ್ರಗಳ ಬೆಳಕು ರಾತ್ರಿಯ, ಭಯದ ಥೀಮಿಗೆ ಸೊಗಸು. ಆದರೆ ಗಟ್ಟಿ ಕಪ್ಪು ಹೆಚ್ಚಾದರೆ ಮೇಲೆ ಹೇಳಿದ ಪಟ್ಟೆ ಬಿದ್ದೀತು, ರಂಧ್ರಗಳನ್ನು ಹೆಚ್ಚಿಸಿ ಬರೆಸಿ.

ಇಲ್ಲೊಂದು ಎಚ್ಚರಿಕೆ ಬೇಕು. ಜಾನಪದ ಅಂಚು ಕಟ್ಟಿ ನಡುವೆ ದೀಪ ಇಟ್ಟರೆ ಅದು ಇಲಾಖೆಯ ಸಾಂಸ್ಕೃತಿಕ ಉತ್ಸವದ ಆಹ್ವಾನ ಪತ್ರಿಕೆಯಾಗುತ್ತದೆ, ಹುಡುಗರು ಓಡುತ್ತಾರೆ. ಅಂಚು ಬಿಟ್ಟು ಒಂದೇ ಆಕೃತಿಯನ್ನು ದೊಡ್ಡದಾಗಿ, ಹಾಳೆಯಿಂದ ಹೊರಚಾಚುವಂತೆ ಇಡಿ. ಹಸೆ ಮದುವೆಯ ಆಚರಣೆಗೆ ಸೇರಿದ್ದು. ಅದಕ್ಕೆ ಹೆಡ್‌ಫೋನ್ ಸಿಕ್ಕಿಸಿ ತಮಾಷೆ ಮಾಡುವ ಮೊದಲು ಬರೆಯುವ ಕಲಾವಿದೆಯನ್ನೇ ಕೇಳಿ, ಸಂಭಾವನೆ ಕೊಡಿ, ಪೋಸ್ಟರಿನಲ್ಲಿ ಅವರ ಹೆಸರು ಹಾಕಿ.

ಕಾಮಿಕ್ಸ್, ಜಪಾನಿ ಕಾಮಿಕ್ಸಿನ ಮಾಂಗಾ ಶೈಲಿ ಈ ವಯಸ್ಸಿಗೆ ಹೇಳಿಮಾಡಿಸಿದ್ದು. ಕಪ್ಪು ಶಾಯಿಯ ಗೆರೆಯಾದ್ದರಿಂದ ಜೆರಾಕ್ಸಿಗೂ ಒಗ್ಗುತ್ತದೆ. ಶೈಲಿ ಯಾರ ಆಸ್ತಿಯೂ ಅಲ್ಲ, ಪಾತ್ರಗಳು ಆಸ್ತಿ. ಟಿವಿಯಲ್ಲಿ ಬರುವ ಪಾತ್ರದ ತಲೆಗೂದಲು, ಬಟ್ಟೆ ಹಾಗೇ ಇಟ್ಟು ಮುಖ ಮಾತ್ರ ಬದಲಿಸಿದರೂ ನಕಲೇ. ನಿಮ್ಮೂರ ಕೆಎಸ್ಆರ್‌ಟಿಸಿ ಬಸ್ಸಿನ ಕಿಟಕಿಯಲ್ಲಿ ಕೂತ ಹುಡುಗಿಯನ್ನು ಆ ಶೈಲಿಯಲ್ಲಿ ಬರೆಸಿ ನೋಡಿ.

ಉಚಿತ ಚಿತ್ರಗಳ ಕಣಜಗಳಲ್ಲಿ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ನಂಬಬಹುದಾದದ್ದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಕಲಾವಿದರ ಹೆಸರು ಹಾಕಿದರೆ ಸಾಕು. ಆದರೆ ಹೆಚ್ಚಿನವು ಎಳೆಯರ ಪುಸ್ತಕದವು, ಹರೆಯದವರಿಗೆ ಮತ್ತೆ ಆನೆಮರಿಯೇ. ಬಾಹ್ಯಾಕಾಶಕ್ಕಾದರೆ ನಾಸಾದ ಚಿತ್ರಗಳಿಗೆ ಸಾಮಾನ್ಯವಾಗಿ ಕಾಪಿರೈಟ್ ಇಲ್ಲ, ಲಾಂಛನ ಮಾತ್ರ ಬಳಸುವಂತಿಲ್ಲ. ಇಸ್ರೋದ ಚಿತ್ರಗಳೂ ಹಾಗೇ ಎಂದುಕೊಳ್ಳಬೇಡಿ. ಪರವಾನಗಿಯಲ್ಲಿ ‘ಎನ್‌ಡಿ’ ಇದ್ದರೆ ಆ ಚಿತ್ರವನ್ನು ಕತ್ತರಿಸಿ, ಬಣ್ಣ ಬದಲಿಸಿ ಹಂಚುವಂತಿಲ್ಲ. ಪೋಸ್ಟರಿಗೆ ಅದು ಬಹುತೇಕ ಪ್ರಯೋಜನಕ್ಕೆ ಬಾರದ್ದು.

ಎಐ ಚಿತ್ರ ಬೇಡವೆಂದೇ ನಮ್ಮ ಒಲವು. ಅದು ಬರೆಯುವ ಕನ್ನಡ ಎಷ್ಟೋ ಸಲ ಅಕ್ಷರದಂತೆ ಕಾಣುವ ಗೀಚು. ಒಂದು ಒತ್ತು ತಪ್ಪಿದ್ದರೂ ಗ್ರಂಥಾಲಯದ ಗೋಡೆಯ ಮೇಲೆ ಅದು ಅವಮಾನ. ಹದಿನೈದರವರು ಇಂಥ ಚಿತ್ರವನ್ನು ನಮಗಿಂತ ಬೇಗ ಗುರುತಿಸುತ್ತಾರೆ, ನಗುತ್ತಾರೆ. ಬಳಸಲೇಬೇಕೆಂದರೆ ಅಕ್ಷರವಿಲ್ಲದ ಹಿನ್ನೆಲೆಗೆ ಮಾತ್ರ.

ಕಲಾವಿದರೂ ಇಲ್ಲ, ದುಡ್ಡೂ ಇಲ್ಲ ಅನ್ನುವವರಿಗೆ ಅತ್ಯುತ್ತಮ ಆಯ್ಕೆ ಅಕ್ಷರವೇ ಚಿತ್ರವಾಗುವ ಪೋಸ್ಟರ್. ಹಾಳೆಯ ಮುಕ್ಕಾಲು ತುಂಬುವ ಒಂದು ಪ್ರಶ್ನೆ, ಒಂದು ಬಣ್ಣ, ಕೆಳಗೆ ದಿನಾಂಕ. ಬೋರ್ಡ್ ಬರೆಯುವ ಪೇಂಟರ್ ಊರಲ್ಲಿನ್ನೂ ಇದ್ದರೆ ಅವರಿಂದಲೇ ಬರೆಸಿ ಸ್ಕ್ಯಾನ್ ಮಾಡಿಸಿ. ಕಂಪ್ಯೂಟರಿನ ಯಾವ ಅಕ್ಷರಕ್ಕೂ ಆ ಕೈಯ ಕಳೆ ಬರುವುದಿಲ್ಲ.

ಮಕ್ಕಳಿಂದಲೇ ಬರೆಸುವುದಾದರೆ

ಇದು ಅಗ್ಗವೂ ಹೌದು, ಬರುವವರ ಸಂಖ್ಯೆ ಹೆಚ್ಚಿಸುವುದೂ ಹೌದು. ನಿಯಮ ಸಡಿಲವಾದರೆ ಮಾತ್ರ ಕೆಟ್ಟುಹೋಗುತ್ತದೆ. ಎ4 ಹಾಳೆ, ಕಪ್ಪು ಪೆನ್ನು ಅಥವಾ ಸ್ಕೆಚ್ ಪೆನ್ನು, ಅಕ್ಷರ ಬರೆಯಬಾರದು, ಸುತ್ತ 2 ಸೆಂ.ಮೀ. ಖಾಲಿ. ಪೆನ್ಸಿಲ್ ಶೇಡಿಂಗ್ ಬೇಡ, ಸ್ಕ್ಯಾನಿನಲ್ಲಿ ಮಸುಕಾಗುತ್ತದೆ. ‘ಓದು’ ಅನ್ನುವಷ್ಟೇ ವಿಷಯ ಕೊಟ್ಟರೆ ಮರದ ಕೆಳಗೆ ಕೂತು ಓದುವ ಹುಡುಗಿಯ ಚಿತ್ರಗಳು ರಾಶಿ ಬರುತ್ತವೆ. ‘ಗ್ರಂಥಾಲಯಕ್ಕೆ ಬೀಗ ಹಾಕಿದ ಮೇಲೆ ಒಳಗೆ ಏನಾಗುತ್ತದೆ?’ ಎಂದು ಕೇಳಿ, ಬೇರೆಯೇ ಚಿತ್ರಗಳು ಬರುತ್ತವೆ.

ಬಂದ ಚಿತ್ರಗಳಲ್ಲಿ ಕೆಲವನ್ನು ಡ್ರಾಯಿಂಗ್ ಮೇಷ್ಟ್ರು ತಿದ್ದಿರುತ್ತಾರೆ, ಕೆಲವು ಪಿಂಟರೆಸ್ಟ್‌ನಿಂದ ನೋಡಿ ಬರೆದವು. ಆಯ್ಕೆಯಾದದ್ದನ್ನು ಗೂಗಲ್ ಲೆನ್ಸ್‌ನಲ್ಲಿ ಒಮ್ಮೆ ಹುಡುಕಿ. ಒಬ್ಬರಿಗೇ ಬಹುಮಾನ ಕೊಟ್ಟು ಮುಗಿಸಬೇಡಿ: ಒಂದು ಪೋಸ್ಟರಿಗೆ, ನಾಲ್ಕು ವಾರದ ನಾಲ್ಕು ಬುಕ್‌ಮಾರ್ಕಿಗೆ ಎಂದು ಐದು ಆರಿಸಿ. ಸ್ಕ್ಯಾನ್ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಇರಲಿ. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಒಂದು ಮೂಲೆ ನೆರಳಾಗಿ, ಮುದ್ರಣದಲ್ಲಿ ಆ ಮೂಲೆ ಕೊಳೆಯಂತೆ ಕಾಣುತ್ತದೆ.

ಚಿತ್ರ ಬರೆದವರ ಹಕ್ಕಿನ ಮಾತು ಕಾಗದದಲ್ಲಿರಲಿ. 18 ತುಂಬದವರಾದರೆ ಪಾಲಕರ ಸಹಿ. ಎಲ್ಲೆಲ್ಲಿ, ಎಷ್ಟು ಕಾಲ ಬಳಸುತ್ತೀರಿ ಎಂದು ಎರಡು ಸಾಲು ಸಾಕು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದೇ ಲೆಕ್ಕ. ಹಣ ಕೊಟ್ಟು ಬರೆಸಿದ ಕಲಾವಿದರ ಜೊತೆಗೂ ಹೀಗೇ.

ಬಣ್ಣ, ಅಕ್ಷರ, ಅಚ್ಚು

ಕಪ್ಪು, ಅದರ ಜೊತೆ ಇನ್ನೊಂದು ಬಣ್ಣ. ಬಟ್ಟೆ ಚೀಲಕ್ಕೆ, ಟೀಶರ್ಟಿಗೆ ಸ್ಕ್ರೀನ್ ಪ್ರಿಂಟ್ ಮಾಡಿಸುವುದಾದರೆ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಬೇರೆ ಖರ್ಚು. ಹಳದಿ–ಕೆಂಪು ಜೊತೆಯಾದರೆ ರಾಜ್ಯೋತ್ಸವವಾಗುತ್ತದೆ. ಕೇಸರಿ, ಹಸಿರು, ನೀಲಿಯನ್ನು ಊರಿನವರು ಹೇಗೆ ಓದುತ್ತಾರೆಂದು ಮೇಲ್ವಿಚಾರಕರಿಗೆ ಬೇರೆ ಹೇಳಬೇಕಿಲ್ಲ. ಕಡುನೇರಳೆ, ಗಾಢ ಕಿತ್ತಳೆ, ನವಿಲುಬಣ್ಣ ಸುರಕ್ಷಿತ. ಪರದೆಯ ಮೇಲಿನ ನಿಯಾನ್ ಹಸಿರು, ಕಡು ಗುಲಾಬಿ ಮುದ್ರಣದ ನಾಲ್ಕು ಶಾಯಿಗಳಲ್ಲಿ ಹುಟ್ಟುವುದೇ ಇಲ್ಲ, ಮಂಕಾಗಿ ಬರುತ್ತವೆ.

ಬ್ಯಾನರಿನ ಮೇಲ್ಭಾಗದಲ್ಲಿ ಅಧ್ಯಕ್ಷರು, ಸದಸ್ಯರ ಫೋಟೋ ಸಾಲು ಬೇಕೆಂಬ ಒತ್ತಾಯ ಬಂದೇ ಬರುತ್ತದೆ. ಉದ್ಘಾಟನೆಗೆಂದು ಅವರಿಗೆ ಬೇರೆ ಬ್ಯಾನರ್ ಮಾಡಿಸಿ, ಪೋಸ್ಟರಿಗೆ ತರಬೇಡಿ. 2023ರಲ್ಲಿ ವಿಧಾನಸಭೆಗೆ ಮೇ 10ಕ್ಕೆ, 2024ರಲ್ಲಿ ಲೋಕಸಭೆಗೆ ಏಪ್ರಿಲ್ 26, ಮೇ 7ಕ್ಕೆ ಮತದಾನವಿತ್ತು. ಎರಡೂ ನಮ್ಮ ರಜೆಯ ನಡುವೆಯೇ. ನೀತಿಸಂಹಿತೆ ಬಂದರೆ ಫೋಟೋ ಇರುವ ಬ್ಯಾನರ್ ಇಳಿಸಬೇಕು. ಬ್ಯಾನರ್ ಬಟ್ಟೆಯದೇ ಇರಲಿ, ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ.

ಕನ್ನಡ ಅಕ್ಷರ ಕೆಡುವುದು ಡಿಟಿಪಿ ಅಂಗಡಿಯಲ್ಲಿ. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟದ್ದು ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ. ಅವರು ‘ನುಡಿ’ ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡುತ್ತಾರೆ, ಹೊಸ ತಪ್ಪು ಸೇರುತ್ತದೆ. ಉಪಾಯವೆಂದರೆ ನೀವೇ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿ, ಅಕ್ಷರಗಳನ್ನು ಆಕೃತಿಯಾಗಿ ಬದಲಿಸಿ, ಪಿಡಿಎಫ್ ಕೊಡುವುದು. ಇಂಡಿಸೈನ್, ಇಲ್ಲಸ್ಟ್ರೇಟರ್ ಬಳಸುವವರು ವರ್ಲ್ಡ್–ರೆಡಿ ಕಂಪೋಸರ್ ಆರಿಸದಿದ್ದರೆ ಅಲ್ಲೂ ಒತ್ತು ಒಡೆಯುತ್ತದೆ. ಶೀರ್ಷಿಕೆಗೆ ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯಾ ಕನಡಕ, ವಿವರಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ತಿರೋ ಕನ್ನಡ: ಎಲ್ಲವೂ ಮುಕ್ತ ಪರವಾನಗಿಯವು. ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ ಒಂದೂವರೆಯಷ್ಟಾದರೂ ಇರಲಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಜಾಗ ತುಂಬಲೆಂದು ಅಕ್ಷರವನ್ನು ಅಡ್ಡಕ್ಕೆ ಎಳೆಯಲು ಬಿಡಬೇಡಿ. ಹತ್ತು ಅಡಿ ದೂರದಿಂದ ಓದಬೇಕಾದರೆ ಅಕ್ಷರ ಕನಿಷ್ಠ ಒಂದು ಅಂಗುಲ ಎತ್ತರ, ಒತ್ತು ತುಂಬಿದ ಪದವಾದರೆ ಒಂದೂವರೆ.

ಎ3 ಪೋಸ್ಟರಿಗೆ 300 ಡಿಪಿಐ ಲೆಕ್ಕದಲ್ಲಿ 3508 × 4961 ಪಿಕ್ಸೆಲ್ ಬೇಕು, ಜೊತೆಗೆ ಕತ್ತರಿಸಲು ನಾಲ್ಕೂ ಕಡೆ 3 ಮಿ.ಮೀ. ಹೆಚ್ಚು. ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ, ಪೋಸ್ಟರಿನಲ್ಲಿ ಗೆರೆಗಳು ಮೆಟ್ಟಿಲು ಮೆಟ್ಟಿಲಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ. ಬುಕ್‌ಮಾರ್ಕನ್ನು 5 × 14 ಸೆಂ.ಮೀ. ಇಟ್ಟರೆ ಒಂದು ಎ4 ಹಾಳೆಗೆ ಎಂಟು ಸಿಗುತ್ತವೆ. 160 ಜಿಎಸ್ಎಂ ಹಾಳೆ ಜೆರಾಕ್ಸಿನ ಬೈಪಾಸ್ ಟ್ರೇಯಲ್ಲಿ ಹೋಗುತ್ತದೆ, ಅದಕ್ಕಿಂತ ದಪ್ಪನೆಯದು ಸಿಕ್ಕಿಕೊಳ್ಳಬಹುದು. ಬುಕ್‌ಮಾರ್ಕಿನ ಹಿಂಬದಿ ಖಾಲಿ ಬಿಡಿ. ಅಲ್ಲಿ ಮಕ್ಕಳು ಪುಟದ ಸಂಖ್ಯೆ ಬರೆದುಕೊಳ್ಳುತ್ತಾರೆ, ಗೀಚುತ್ತಾರೆ, ಗೆಳೆಯರ ಹೆಸರು ಹಾಕುತ್ತಾರೆ.

ಎಲ್ಲವನ್ನೂ ಒಮ್ಮೆಗೇ ಅಚ್ಚುಹಾಕಿಸಬೇಡಿ. ಪೋಸ್ಟರ್ ಪೂರ್ತಿ, ಓದಿನ ಕಾರ್ಡು ನಿರೀಕ್ಷೆಯ ಅರ್ಧ, ಬುಕ್‌ಮಾರ್ಕು ಮೊದಲ ವಾರದ್ದು ಮಾತ್ರ. ಓದಿನ ಕಾರ್ಡಿನಲ್ಲಿ ಒಂದು ತಪ್ಪು ಇದ್ದೇ ಇರುತ್ತದೆ, ಬಹುಮಟ್ಟಿಗೆ ಫೋನ್ ನಂಬರಿನಲ್ಲೋ ಭಾನುವಾರದ ಸಮಯದಲ್ಲೋ. ಎರಡನೇ ಕಂತಿನಲ್ಲಿ ಅದನ್ನು ಸರಿಪಡಿಸಿಕೊಳ್ಳಬಹುದು.